ಸಹಿ ಪುಸ್ತಕ ಬೆಟ್ಟ ಇಳಿದ ವರ್ಷ

ಕೆಳ ನಿಲ್ದಾಣ
೩ ಜೂನ್

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ, ಹಗ್ಗವೂ ಕ್ಷೇಮ. ನೀನು ಹಾಸ್ಟೆಲಿನಲ್ಲಿದ್ದಾಗ ಅಪ್ಪ ಬರೆಯುತ್ತಿದ್ದ ಕಾಗದಗಳೆಲ್ಲ ಹೀಗೇ ಶುರುವಾಗುತ್ತಿದ್ದವಲ್ಲ? ಅವರ ಕುರ್ಚಿಯಲ್ಲಿ ಕೂತ ಮೇಲೆ ಅವರ ಸಾಲನ್ನು ಬಿಟ್ಟರೆ ಹೇಗೆ? ಹೌದು, ಸುದ್ದಿ ಅದೇ. ನಿನ್ನೆಯಿಂದ ನಾನು ರೋಪ್‌ವೇಯ ಮುಖ್ಯಸ್ಥ. ಇಪ್ಪತ್ತೆರಡು ವರ್ಷ ಕಂಬ ಹತ್ತಿ ರಾಟೆಗಳಿಗೆ ಗ್ರೀಸು ಬಳಿದವನಿಗೆ ಈಗ ಮೇಜು, ಕರೆಗಂಟೆ, ಮೂರು ಕಡೆ ಗಾಜಿನ ಗೋಡೆ. ಆರು ತಿಂಗಳು ಪರೀಕ್ಷೆಯ ಕಾಲ. ನವೆಂಬರ್ ಇಪ್ಪತ್ತಕ್ಕೆ ರೋಪ್‌ವೇಗೆ ಐವತ್ತು ತುಂಬುತ್ತದೆ. ಅಂದು ಕೇಂದ್ರ ಕಚೇರಿಯ ದೊಡ್ಡ ಸಾಹೇಬರು ಬಂದು ನನ್ನನ್ನು ಖಾಯಂ ಮಾಡಬೇಕು.

ಇವತ್ತು ಬೆಳಿಗ್ಗೆ ಆರಕ್ಕೆ ಹಗ್ಗಕ್ಕೆ ತೂಗುವ ಮೊದಲ ತೊಟ್ಟಿಲಲ್ಲಿ ಒಬ್ಬನೇ ಹೋದೆ. ಕಿಟಕಿ ತೆರೆದು, ಹದಿನಾಲ್ಕು ಕಂಬಗಳ ಹದಿನಾಲ್ಕು ಸದ್ದಿಗೂ ಕಿವಿಗೊಟ್ಟು, ಮೇಲಿನ ನಿಲ್ದಾಣದಲ್ಲಿ ಸರಪಳಿ ಹಾಕಿಟ್ಟ ಪುಸ್ತಕದಲ್ಲಿ ‘ಇಂದು ಹಗ್ಗ ಯೋಗ್ಯ’ ಎಂದು ಬರೆದು ಸಹಿ ಮಾಡಿದೆ. ಆ ಸಹಿ ಬೀಳುವವರೆಗೆ ಟಿಕೆಟ್ ಕಿಂಡಿ ತೆರೆಯುವ ಹಾಗಿಲ್ಲ. ‘ಸಹಿ ಹಾಕುವವನು ಮೊದಲು ತೂಗಬೇಕು’ ಅಂತ ಅಪ್ಪ ಮಾಡಿದ ಕಾನೂನು.

ಇಲ್ಲಿ ಒಬ್ಬರು ಉಪಮುಖ್ಯಸ್ಥರಿದ್ದಾರೆ. ನಾನು ವಾಕ್ಯ ಮುಗಿಸುವ ಮೊದಲೇ ‘ಹೌದು ಸಾರ್’ ಅನ್ನುವುದರಿಂದ ಹೌದಪ್ಪ ಎಂದು ಹೆಸರಿಟ್ಟಿದ್ದೇನೆ. ಮೋಟಾರಿರುವ ಚಕ್ರದ ಮನೆಯಲ್ಲಿ ಬ್ರೇಕಮ್ಮನವರೇ ಇದ್ದಾರೆ. ನೆನಪಿದೆಯಲ್ಲ, ನಾನು ಸೇರಿದಾಗ ಮೋಟಾರು ನಡೆಸುತ್ತಿದ್ದವರು? ಒಂಚೂರು ಅನುಮಾನ ಬಂದರೂ ಬ್ರೇಕ್ ಎಳೆದು ನಿಲ್ಲಿಸುವುದಕ್ಕೆ ಬಂದ ಹೆಸರು ಅದು. ನಿನ್ನೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಏನಪ್ಪಾ, ಇನ್ಮೇಲೆ ಸಾರ್ ಅನ್ಬೇಕಾ?”

“ನೀವು ಏನಂದ್ರೂ ನಡೆಯುತ್ತೆ.”

“ಹಾಗಾದ್ರೆ ಗುಂಡಾ ಅಂತ್ಲೇ ಕರೀತೀನಿ. ಕಂಬದ ಮೇಲಿರೋನಿಗೆ ಹೆಸರು ಉದ್ದ ಇರಬಾರ್ದು. ಕರೆದು ಮುಗಿಸೋಷ್ಟ್ರಲ್ಲಿ ಬಿದ್ದಿರ್ತೀಯ.”

ಮನೆಯ ಪದ್ಧತಿಯಂತೆ ಕೊನೆಗೊಂದು ಪ್ರಾಸ:

ಏರಿದವನು ಇಳಿಯಬೇಕು, ಇದು ಹಗ್ಗದ ನ್ಯಾಯ;
ಇಳಿವುದನ್ನು ಮರೆತವನಿಗೆ ಮೈತುಂಬ ಗಾಯ.

ನಿನ್ನ ತಮ್ಮ,
ಗುಂಡ


ಆಸ್ಪತ್ರೆಯ ವಸತಿ
೧೪ ಜೂನ್

ಗುಂಡ,

ಆಶೀರ್ವಾದ. ನಾನು ಕ್ಷೇಮ; ನಿನ್ನ ಭಾವನ ಮಂಡಿ ಅಷ್ಟು ಕ್ಷೇಮವಲ್ಲ, ಬಾಯಿ ಮಾತ್ರ ಎಂದಿನಂತಿದೆ.

ಕಾಗದ ಬಂದ ದಿನ ವಾರ್ಡಿನ ನರ್ಸುಗಳಿಗೆಲ್ಲ ಸಿಹಿ ಹಂಚಿದೆ. ‘ಸಿಸ್ಟರ್ ನಗ್ತಾ ಇದಾರೆ, ಯಾರಿಗೋ ಏನೋ ಆಗಿದೆ’ ಎಂದು ಒಬ್ಬಳು ಹೆದರಿದಳಂತೆ. ಅಂದೇ ನಿನಗೆ ಫೋನೂ ಮಾಡಿದೆ. ಐದು ನಿಮಿಷದಲ್ಲಿ ನಾಲ್ಕು ಸಲ ಯಾರೋ ‘ಸಾರ್’ ಅಂತ ನುಗ್ಗಿದರು, ನಾಲ್ಕು ಸಲವೂ ನೀನು ನನ್ನನ್ನು ಅರ್ಧಕ್ಕೆ ಬಿಟ್ಟೆ. ಆದ್ದರಿಂದ ನಮಗೆ ಕಾಗದವೇ ಇರಲಿ. ಫೋನಿನಲ್ಲಿ ನೀನು ಸಾರ್, ಕಾಗದದಲ್ಲಿ ಗುಂಡ. ನನಗೆ ಗುಂಡನೇ ಸಾಕು.

ಹೌದಪ್ಪನಿಂದ ಮೂರು ಮಾರು ದೂರವಿರು. ಬ್ರೇಕಮ್ಮನನ್ನು ಹತ್ತಿರ ಇಟ್ಟುಕೋ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ. ನಿನ್ನ ಪ್ರಾಸಕ್ಕೆ ನೂರಕ್ಕೆ ಎಪ್ಪತ್ತು. ನನ್ನದು:

ಕುರ್ಚಿ ಎತ್ತರವಾದರೆ ಕಾಲು ನೆಲ ಮುಟ್ಟೋಲ್ಲ;
ಕಾಲು ನೆಲ ಮುಟ್ಟದವಗೆ ನಡುಕ ಗೊತ್ತಾಗೋಲ್ಲ.

ಅಕ್ಕ


ಕೆಳ ನಿಲ್ದಾಣ
೨ ಆಗಸ್ಟ್

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಎರಡು ತಿಂಗಳಲ್ಲಿ ಎಷ್ಟು ಬದಲಾವಣೆ ತಂದಿದ್ದೇನೆ ಅಂದರೆ ಅಪ್ಪ ನೋಡಿದ್ದರೆ ಬೆರಗಾಗುತ್ತಿದ್ದರು.

ಮೊದಲನೆಯದು ಸಹಿ ಪುಸ್ತಕ. ಅದು ಬೆಟ್ಟದ ಮೇಲಿದ್ದರೆ ಮುಖ್ಯಸ್ಥನಾದವನು ದಿನಕ್ಕೊಂದು ಗಂಟೆ ಗಾಳಿಯಲ್ಲಿ ತೂಗುತ್ತ ಕಳೆಯಬೇಕು. ಸರಪಳಿ ಬಿಚ್ಚಿಸಿ ಕೆಳಗೆ ನನ್ನ ಮೇಜಿಗೇ ತರಿಸಿದೆ. ಈಗ ಬೆಳಿಗ್ಗೆ ಖಾಲಿ ತೊಟ್ಟಿಲು ಒಂದು ಸುತ್ತು ಹೋಗಿಬರುತ್ತದೆ, ಹೌದಪ್ಪ ವರದಿ ಒಪ್ಪಿಸುತ್ತಾರೆ, ನಾನು ಸಹಿ ಮಾಡುತ್ತೇನೆ. ಎರಡೇ ನಿಮಿಷ. ಇಷ್ಟು ಸುಲಭದ ಉಪಾಯ ಐವತ್ತು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಎಲ್ಲರೂ ಆಶ್ಚರ್ಯಪಟ್ಟರು.

ಎರಡನೆಯದು ಬೆಳಗಿನ ಸಭೆ. ನಾನು ಇಷ್ಟು ತಮಾಷೆಯ ಮನುಷ್ಯ ಅಂತ ನನಗೇ ಗೊತ್ತಿರಲಿಲ್ಲ ಅಕ್ಕ! ಮೊನ್ನೆ ನಾನು ಬರೀ ಕೆಮ್ಮಿದ್ದಕ್ಕೆ ಹಿಂದಿನ ಬೆಂಚಿನವರು ನಕ್ಕುಬಿಟ್ಟರು. ವಾತಾವರಣ ಅಷ್ಟು ಹಗುರವಾಗಿದೆ. ನಿಲುಗಡೆಗಳೂ ಇಳಿದಿವೆ. ಮೊದಲು ವಾರಕ್ಕೆ ಮೂರು ನಾಲ್ಕು ಸಲ ಹಗ್ಗ ನಿಲ್ಲುತ್ತಿತ್ತು, ಈಗ ಒಂದು. ಆ ಒಂದೂ ಬ್ರೇಕಮ್ಮನದೇ.

ಹಳೆಯ ಪದ್ಧತಿಗೊಂದು ಉದ್ದ ನಮಸ್ಕಾರ;
ಕೆಳಗೆ ಕೂತೇ ನಡೆಸುವೆನು ಮೇಲಿನ ಕಾರಭಾರ.

ನಿನ್ನ ತಮ್ಮ


ಆಸ್ಪತ್ರೆಯ ವಸತಿ
೧೧ ಆಗಸ್ಟ್

ಗುಂಡ,

ನೀನು ಕ್ಷೇಮ ಅಂತ ಬರೆದೆ. ಹಗ್ಗ ಹೇಗಿದೆ ಅಂತ ಬರೆಯಲಿಲ್ಲ.

ಕೆಮ್ಮಿಗೂ ನಗುವವರನ್ನು ನಾನು ನೋಡಿದ್ದೇನೆ. ನಮ್ಮ ದೊಡ್ಡ ಡಾಕ್ಟರ ಹಿಂದೆ ಸಾಲಾಗಿ ನಡೆಯುತ್ತಾರೆ. ಒಂದೇ ಒಂದು ಕೇಳುತ್ತೇನೆ. ಆಗಸ್ಟಿನ ಈ ಗಾಳಿಯಲ್ಲಿ ನಿಲುಗಡೆ ಕಡಿಮೆಯಾಯಿತೆಂದರೆ, ಕಡಿಮೆಯಾದದ್ದು ಗಾಳಿಯೋ, ಬಾಯಿಯೋ?

ಪ್ರಾಸಕ್ಕೆ ಅರವತ್ತು. ಅರ್ಥಕ್ಕೆ ಹತ್ತು.

ಅಕ್ಕ


ಮುಖ್ಯಸ್ಥರ ಕಚೇರಿ
೯ ಅಕ್ಟೋಬರ್

ಪ್ರೀತಿಯ ಅಕ್ಕನವರಿಗೆ,

ಕೆಲಸದ ಒತ್ತಡದಿಂದ ಉತ್ತರ ತಡವಾಯಿತು. ಕೈಯಲ್ಲಿ ಬರೆಯಲು ಸಮಯವಿಲ್ಲ. ಹೇಳಿ ಟೈಪು ಮಾಡಿಸುತ್ತಿದ್ದೇನೆ, ಅನ್ಯಥಾ ಭಾವಿಸಬಾರದು.

ಸೆಪ್ಟೆಂಬರ್ ಇಪ್ಪತ್ತರಿಂದ ಇಂದಿನವರೆಗೆ ನಮ್ಮ ನಿಲುಗಡೆ ಸೊನ್ನೆ. ಕೇಂದ್ರ ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂದಿದೆ, ಚೌಕಟ್ಟು ಹಾಕಿಸಿದ್ದೇವೆ. ಇದಕ್ಕಾಗಿ ಒಂದು ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಬ್ರೇಕಮ್ಮ ಏಳನೇ ಕಂಬದಲ್ಲಿ ಏನೋ ಸದ್ದು ಎಂದು ಒಂದೇ ವಾರದಲ್ಲಿ ಮೂರು ಸಲ ಹಗ್ಗ ನಿಲ್ಲಿಸಿದಳು. ಪರೀಕ್ಷಿಸಿದಾಗ ಏನೂ ಕಾಣಲಿಲ್ಲ. ವಯಸ್ಸಾಯಿತು, ಭಯ ಹೆಚ್ಚಿದೆ. ಸಭೆಯಲ್ಲಿ ಎಲ್ಲರೆದುರು ನನ್ನನ್ನು ಹೆಸರು ಹಿಡಿದು ಕರೆಯುವುದೂ ಶಿಸ್ತಲ್ಲ. ಆಕೆಯನ್ನು ಟಿಕೆಟ್ ಕಿಂಡಿಗೆ ವರ್ಗಾಯಿಸಿದ್ದೇನೆ. ಅಲ್ಲಿ ನಿಲ್ಲಿಸಲು ಏನೂ ಇಲ್ಲ.

ನವೆಂಬರ್ ಇಪ್ಪತ್ತರ ಸಿದ್ಧತೆ ಭರದಿಂದ ಸಾಗಿದೆ. ವೇದಿಕೆಯ ಮೊದಲ ಸಾಲಿನಲ್ಲಿ ನಿಮಗೊಂದು ಕುರ್ಚಿ ಇಟ್ಟಿದ್ದೇನೆ. ಹೆಬ್ಬಾಗಿಲಿಗೆ ನಾನೇ ರಚಿಸಿದ ಪ್ರಾಸವನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದಾರೆ. ಸಭೆಯಲ್ಲಿ ಓದಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದರು:

ಬೆಟ್ಟವೇ ಬಾಗಿ ಹೇಳುತಿದೆ ಸ್ವಾಗತ;
ನಮ್ಮ ತೊಟ್ಟಿಲಲಿ ಇಲ್ಲ ಯಾವುದೇ ತೊಂದರೆ.

ಇಂತಿ,
ಮುಖ್ಯಸ್ಥರು, ರೋಪ್‌ವೇ


ಆಸ್ಪತ್ರೆಯ ವಸತಿ
೧೮ ಅಕ್ಟೋಬರ್

ಮುಖ್ಯಸ್ಥರಾದ ಗುಂಡನವರಿಗೆ,

ಸ್ವಾಗತಕ್ಕೂ ತೊಂದರೆಗೂ ಯಾವ ಜನ್ಮದ ನೆಂಟಸ್ತಿಕೆಯಪ್ಪಾ? ಆರನೇ ವಯಸ್ಸಿನಲ್ಲಿ ‘ಬೆಕ್ಕು’ ಅಂದರೆ ‘ಸೊಕ್ಕು’ ಅನ್ನುತ್ತಿದ್ದ ಹುಡುಗ ನೀನು. ಇದನ್ನು ನಿನ್ನ ಮೂವತ್ತು ಜನರೂ ಕೇಳಿದರು, ಬಣ್ಣದವನು ಏಣಿ ಹತ್ತಿ ಬರೆದ, ನಿನ್ನ ಹೆಂಡತಿಯೂ ನೋಡಿರಬೇಕು. ಒಬ್ಬರೂ ‘ಪ್ರಾಸ ಎಲ್ಲಿ ಸಾರ್?’ ಅನ್ನಲಿಲ್ಲ. ಆಳೆತ್ತರದ ತಪ್ಪನ್ನು ಹೇಳದವರು ಕಂಬದ ತುದಿಯ ಸಣ್ಣ ಸದ್ದನ್ನು ಹೇಳುತ್ತಾರೆಯೇ?

ಏಳನೇ ಕಂಬವನ್ನು ಪರೀಕ್ಷಿಸಿದರು ಅಂತ ಬರೆದಿದ್ದೀಯ. ಹತ್ತಿದವರು ಯಾರು?

ಹನ್ನೊಂದು ವರ್ಷದಿಂದ ನಿನಗೆ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಹಿರಿಯ ನರ್ಸ್ ಆದ ವರ್ಷ. ಒಬ್ಬ ರೋಗಿಗೆ ರಕ್ತ ಏರಿಸುತ್ತಿದ್ದೆ. ಸೇರಿ ತಿಂಗಳಾಗಿದ್ದ ನರ್ಸೊಬ್ಬಳು ಪಕ್ಕದಲ್ಲಿದ್ದಳು.

“ಸಿಸ್ಟರ್, ಈ ಚೀಲ ಇವರದ್ದಲ್ಲ ಅನ್ಸುತ್ತೆ.”

“ನಿನಗೆ ಅನ್ಸೋದಕ್ಕೆ ಇನ್ನೂ ಹತ್ತು ವರ್ಷ ಇದೆ. ಅವರ ಕೈ ಹಿಡ್ಕೋ.”

ಹಿಡಿದುಕೊಂಡಳು. ಆ ಮನುಷ್ಯ ಮೂರು ದಿನ ಸಾವಿನ ಜೊತೆ ಗುದ್ದಾಡಿ, ಅವನ ಪುಣ್ಯಕ್ಕೆ, ನನ್ನದಕ್ಕಲ್ಲ, ಬದುಕಿದ. ನನ್ನ ಕಣ್ಣು ಕೆಟ್ಟಿರಲಿಲ್ಲ ಗುಂಡ. ಚೀಲದ ಮೇಲಿನ ರಕ್ತದ ಗುಂಪಿನ ಅಕ್ಷರ ನನಗೂ ಕಂಡಿತ್ತು. ಕಂಡದ್ದು ತಲೆಗೆ ಹೋಗಲಿಲ್ಲ; ಅಲ್ಲಿ ಆಗಲೇ ನಾನು ಕೂತಿದ್ದೆ, ಬೇರೆಯವರಿಗೆ ಜಾಗವಿರಲಿಲ್ಲ. ಅವತ್ತಿನಿಂದ ವಾರ್ಡಿನ ಎಲ್ಲರಿಗಿಂತ ಹೊಸಬಳು ಚೀಲದ ಅಕ್ಷರವನ್ನು ಗಟ್ಟಿಯಾಗಿ ಓದಿ ‘ಸರಿ’ ಎನ್ನುವವರೆಗೆ ನನ್ನ ಕೈ ಸೂಜಿ ಮುಟ್ಟುವುದಿಲ್ಲ.

ಪುಸ್ತಕವನ್ನು ಬೆಟ್ಟ ಹತ್ತಿಸು. ಬ್ರೇಕಮ್ಮನನ್ನು ಕಿಂಡಿಯಿಂದ ಬಿಡಿಸು.

ಅಕ್ಕ

ಈ ಸಲ ಪ್ರಾಸ ಇಲ್ಲ. ನಿನ್ನಿಂದ ಕಲಿತೆ.


ಮುಖ್ಯಸ್ಥರ ಕಚೇರಿ
೨೫ ಅಕ್ಟೋಬರ್

ಅಕ್ಕ,

ಟೈಪಿನವನ ಕೈಯಲ್ಲಿ ಇದನ್ನು ಬರೆಸಲು ನಾಚಿಕೆಯಾಗಿ ನಾನೇ ಬರೆಯುತ್ತಿದ್ದೇನೆ. ನೀನು ಒಂದು ತಪ್ಪು ಮಾಡಿದೆ ಎಂದ ಮಾತ್ರಕ್ಕೆ ನಾನೂ ಮಾಡಲೇಬೇಕೆಂದು ಎಲ್ಲಿದೆ? ಏಳನೇ ಕಂಬವನ್ನು ಹೌದಪ್ಪ ದುರ್ಬೀನಿನಿಂದ ಖುದ್ದಾಗಿ ನೋಡಿದ್ದಾರೆ. ವರದಿ ಇದೆ. ಸೊನ್ನೆ ನಿಲುಗಡೆ ಇದೆ. ದಿನಾ ಬೆಳಿಗ್ಗೆ ಎಲ್ಲರನ್ನೂ ಕೇಳಿಯೇ ಸಹಿ ಹಾಕುತ್ತೇನೆ.

ಬೆಟ್ಟದ ಕೆಳಗೆ ಹುಟ್ಟಿದವರೆಲ್ಲ ಹಗ್ಗ ಬಲ್ಲವರಲ್ಲ. ನಿನ್ನ ವಾರ್ಡು ನಿನಗೆ, ನನ್ನ ಹಗ್ಗ ನನಗೆ. ಪ್ರಾಸಕ್ಕೆ ಅಂಕ ಕೊಡುವುದನ್ನೂ ಇನ್ನು ನಿಲ್ಲಿಸು.

ತಮ್ಮ


ಆಸ್ಪತ್ರೆಯ ವಸತಿ
೮ ನವೆಂಬರ್

ಗುಂಡ,

ಸರಿ. ನಿನ್ನ ಹಗ್ಗ ನಿನಗೆ.

ಇಪ್ಪತ್ತನೇ ತಾರೀಖು ಬರುತ್ತೇನೆ. ವೇದಿಕೆಯ ಕುರ್ಚಿ ಬೇಡ. ಅಂದಿನ ಮೊದಲ ತೊಟ್ಟಿಲಲ್ಲಿ ನಾನು ಕೂರುತ್ತೇನೆ, ಒಬ್ಬಳೇ. ನೀನು ನಿನ್ನ ಮೇಜಿನಲ್ಲಿ ಕೂತು ಸಹಿ ಹಾಕು.

ಅಕ್ಕ


ಕೆಳ ನಿಲ್ದಾಣ
೨೧ ನವೆಂಬರ್

ಅಕ್ಕ,

ನಾನು ಕ್ಷೇಮ. ಹಗ್ಗ ಕ್ಷೇಮವಾಗಿಲ್ಲ, ಆಗುತ್ತದೆ. ನೀನು ಯಾಕೆ ಬರಲಿಲ್ಲ? ಸಂಜೆ ಐದರವರೆಗೆ ಬಸ್ಸುಗಳನ್ನು ಕಾದೆ. ಅದು ಆಮೇಲೆ. ಮೊದಲು ನಿನ್ನೆಯ ಕಥೆ ಕೇಳು.

ಬೆಳಿಗ್ಗೆ ಐದೂವರೆಗೆ ಹೊಸ ಸೂಟು ಹಾಕಿಕೊಂಡು ಮೇಜಿನಲ್ಲಿ ಕೂತೆ. ಸುತ್ತ ಎಲ್ಲರೂ ನಿಂತಿದ್ದರು. ದಿನಾ ಕೇಳುವ ಪ್ರಶ್ನೆ ಕೇಳಿದೆ: “ಎಲ್ಲ ಸರಿ ಇದೆ ತಾನೇ?” “ಹೌದು ಸಾರ್!” ಪುಸ್ತಕ ತೆರೆದೆ. ‘ಇಂದು ಹಗ್ಗ’ ಅಂತ ಬರೆದೆ. ಮುಂದಿನ ಪದಕ್ಕೆ ಪೆನ್ನು ಹೋಗಲಿಲ್ಲ. ನೀನು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೊಟ್ಟಿಲಲ್ಲಿ ಕೂತದ್ದು ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ದಿನಕ್ಕೆ ಎಂಟುನೂರು ಜನ ಹಾಗೇ ಕೂರುತ್ತಾರೆ ಅಕ್ಕ, ಅವರಿಗೆಲ್ಲ ಸಲೀಸಾಗಿ ಸಹಿ ಹಾಕಿದ್ದೆ. ಅವರ ಕೈಚೀಲ ಒಂದು ದಿನವೂ ಕಂಡಿರಲಿಲ್ಲ.

“ನಾನೇ ಒಂದು ಸುತ್ತು ಹೋಗಿ ಬರ್ತೀನಿ” ಅಂದೆ.

ಚಕ್ರದ ಮನೆಯ ಹೊಸ ಚಾಲಕನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಹೌದಪ್ಪ ಜೀವನದಲ್ಲಿ ಮೊದಲ ಸಲ ಬೇರೆ ಪದ ಆಡಿದರು: “ಬೇಡ ಸಾರ್. ಹೊಸ ಬಟ್ಟೆ. ಗ್ರೀಸಾಗುತ್ತೆ.”

ಹೋದೆ. ಆರು ಕಂಬ ದಾಟಿತು. ಏಳನೆಯದು ಬರುವಾಗ ತೊಟ್ಟಿಲು ತಾನಾಗಿ ನಿಧಾನವಾಯಿತು. ಕಿಟಕಿ ತೆರೆದರೆ, ಟಕ್. ರಾಟೆ ಒಂದು ಸುತ್ತು ಬಂದಾಗಲೆಲ್ಲ, ಟಕ್. ತೊಟ್ಟಿಲಿನ ಫೋನೆತ್ತಿ ಚಕ್ರದ ಮನೆಯ ಚಾಲಕನನ್ನು ಕೇಳಿದೆ.

“ನಿಧಾನ ಯಾಕೆ ಮಾಡಿದ್ರಿ?”

“ಇಲ್ಲಿ ಯಾವಾಗಲೂ ಮಾಡ್ತೀವಿ ಸಾರ್.”

“ಯಾವಾಗಿಂದ?”

“ಎರಡು ತಿಂಗಳಾಯ್ತು. ಜೋರಾಗಿ ಹೋದ್ರೆ ತುಂಬಾ ಅಲುಗಾಡುತ್ತೆ.”

“ನನಗ್ಯಾಕೆ ಹೇಳಲಿಲ್ಲ?”

ಅವನು, ಪಾಪ, ನಿಜವನ್ನೇ ಹೇಳಿದ: “ನೀವು ಕೇಳ್ತಿದ್ದದ್ದು ‘ಎಲ್ಲ ಸರಿ ಇದೆ ತಾನೇ’ ಅಂತ ಸಾರ್. ಅದಕ್ಕೆ ಹೌದು ಅನ್ನದೆ ಇನ್ನೇನು ಅನ್ನೋದು?”

ಅಕ್ಕ, ನನಗೆ ಯಾರೂ ಸುಳ್ಳು ಹೇಳಿರಲಿಲ್ಲ. ಉತ್ತರವನ್ನು ನಾನೇ ಪ್ರಶ್ನೆಯ ಬಾಲಕ್ಕೆ ಕಟ್ಟಿ ಕಳಿಸುತ್ತಿದ್ದೆ.

ಕೆಳಗಿಳಿದು ನೇರ ಟಿಕೆಟ್ ಕಿಂಡಿಗೆ ಹೋದೆ. ಬ್ರೇಕಮ್ಮನವರು ಚಿಲ್ಲರೆ ಜೋಡಿಸುತ್ತಿದ್ದರು. “ಏಳನೇ ಕಂಬ ಹತ್ತಬೇಕು. ಚಕ್ರದ ಮನೇಲಿ ನೀವಿದ್ರೆ ಮಾತ್ರ ಹತ್ತುತ್ತೀನಿ” ಅಂದೆ. ನನ್ನ ಮುಖವನ್ನೇ ಎರಡು ಕ್ಷಣ ನೋಡಿ ಕಿಂಡಿಯ ಬಾಗಿಲು ಎಳೆದುಕೊಂಡು ಚಕ್ರದ ಮನೆಗೆ ಹೊರಟರು. ಸೂಟಿನಲ್ಲೇ ಹತ್ತಿದೆ. ರಾಟೆಯ ಬೇರಿಂಗ್ ಸತ್ತು, ರಾಟೆ ವಾಲಿ, ಹಗ್ಗ ಅದರ ಅಂಚನ್ನು ತಿಂದು ತಿಂದು ಕಿರುಬೆರಳಿನಷ್ಟು ದಪ್ಪ ಉಳಿಸಿತ್ತು. ಅದು ಮುರಿದಿದ್ದರೆ ಹಗ್ಗ ಹೊರಕ್ಕೆ ಜಾರುತ್ತಿತ್ತು. ಆ ಜಾಗದಲ್ಲಿ ಕೆಳಗೆ ನೂರಿಪ್ಪತ್ತು ಅಡಿ ಆಳದಲ್ಲಿ ಬಂಡೆ. ಕಂಬದ ಧ್ವನಿವರ್ಧಕದಿಂದ ಬ್ರೇಕಮ್ಮನವರ ಗಂಟಲು ಕೇಳಿಸಿತು: “ಗುಂಡಾ, ನೋಡಿದ್ದು ಸಾಕು! ಎರಡೂ ಕೈ ಹಿಡ್ಕೊಂಡು ಇಳಿ!” ನಿಜ ಅಕ್ಕ, ಹೆಸರು ಗಿಡ್ಡವಿದ್ದದ್ದು ಒಳ್ಳೆಯದೇ ಆಯಿತು.

ಒಂಬತ್ತಕ್ಕೆ ದೊಡ್ಡ ಸಾಹೇಬರು ಬಂದರು. ಹೂವು, ಬ್ಯಾಂಡು, ಸೂಟಿನ ತುಂಬ ಗ್ರೀಸು ಮೆತ್ತಿಕೊಂಡ ಮುಖ್ಯಸ್ಥ. ಹಗ್ಗ ನಾಲ್ಕು ದಿನ ಬಂದ್ ಅಂದೆ.

“ಫೋಟೋದವರೆಲ್ಲ ಬಂದಿದಾರೆ ಕಣ್ರೀ. ಒಂದೇ ಒಂದು ಸುತ್ತು. ಅಷ್ಟಕ್ಕೆ ಏನಾಗುತ್ತೆ?”

“ಏನೂ ಆಗದೇನೂ ಇರಬಹುದು ಸಾರ್. ಆದ್ರೆ ನಮ್ಮಲ್ಲಿ ಸಹಿ ಹಾಕೋರು ಮೊದಲ ತೊಟ್ಟಿಲಲ್ಲಿ ಕೂರೋ ಪದ್ಧತಿ. ಸಹಿ ತಾವು ಹಾಕೋದಾದ್ರೆ, ಪುಸ್ತಕ ತರ್ಲಾ?”

ಅವರು ಬೆಟ್ಟವನ್ನೊಮ್ಮೆ ನೋಡಿದರು, ಪೆನ್ನನ್ನೊಮ್ಮೆ ನೋಡಿದರು. “ಭಾಷಣ ಇಲ್ಲೇ ಕೆಳಗೆ ಇಟ್ಕೊಳ್ಳೋಣ” ಅಂದರು. ನನ್ನನ್ನು ಖಾಯಂ ಮಾಡುವ ವಿಷಯ ಎತ್ತಲಿಲ್ಲ. ಹೆಬ್ಬಾಗಿಲಿನ ಪ್ರಾಸವನ್ನು ಗಟ್ಟಿಯಾಗಿ ಓದಿ ‘ಚೆನ್ನಾಗಿದೆ’ ಅಂದರು. ಅವರು ಹೊರಟ ಮೇಲೆ ಮಾಡಿದ ಮೊದಲ ಕೆಲಸ, ಅದನ್ನು ಅಳಿಸಿದ್ದು.

ನೀನು ಬರದಿದ್ದದ್ದಕ್ಕೆ ಕೋಪವಿದೆ. ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಕೋಪ ಉಳಿಯುವುದಿಲ್ಲ.

ಗುಂಡ


ಆಸ್ಪತ್ರೆಯ ವಸತಿ
೨೯ ನವೆಂಬರ್

ಗುಂಡ,

ನಾನು ಬಸ್ಸಿನ ಟಿಕೆಟ್ಟೇ ಕೊಂಡಿರಲಿಲ್ಲ.

ಇನ್ನೂ ಒಂದು ಸತ್ಯ ಉಳಿದಿದೆ. ನಾನು ಆ ತೊಟ್ಟಿಲಲ್ಲಿ ಜೀವಮಾನದಲ್ಲಿ ಒಂದು ಸಲವೂ ಕೂತಿಲ್ಲ. ಪರೀಕ್ಷೆ, ತಲೆನೋವು, ವಾಂತಿ ಅಂತ ಚಿಕ್ಕಂದಿನಲ್ಲಿ ನೆಪ ಹೇಳುತ್ತಿದ್ದೆನಲ್ಲ, ಎಲ್ಲ ಸುಳ್ಳು. ಮೂರನೇ ಮಹಡಿಯ ಕಿಟಕಿಯೂ ನನಗಾಗದು. ಅಪ್ಪನಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ‘ಬೆಟ್ಟದ ಕೆಳಗೆ ಹುಟ್ಟಿದವರೆಲ್ಲ ಹಗ್ಗ ಬಲ್ಲವರಲ್ಲ’ ಎಂದು ನೀನು ಬರೆದಾಗ, ಗೊತ್ತಾಗಿಯೇ ಚುಚ್ಚಿದೆಯೇನೋ ಅಂದುಕೊಂಡೆ. ಗೊತ್ತಿರಲಿಲ್ಲ ಅನ್ನು.

ನಿನ್ನನ್ನು ನಾನು ನಂಬಿದ್ದೆ ಎಂದು ಹೊಗಳಿಕೊಳ್ಳುವುದಿಲ್ಲ. ನೀನು ಸಹಿ ಹಾಕಿಬಿಡುತ್ತೀಯೋ ಏನೋ ಎಂದು ಇಪ್ಪತ್ತನೇ ತಾರೀಖು ಇಡೀ ದಿನ ಭಾವನ ಮೇಲೆ ರೇಗಾಡಿದೆ.

ಮೆಚ್ಚಿದ್ದೇನೆ. ಸೂಟನ್ನು ಸೀಮೆಎಣ್ಣೆಯಲ್ಲಿ ನೆನೆಸು.

ಅಕ್ಕ


ಮೇಲಿನ ನಿಲ್ದಾಣ
೧೫ ಡಿಸೆಂಬರ್

ಅಕ್ಕ,

ನಾನು ಕ್ಷೇಮ, ಹಗ್ಗವೂ ಕ್ಷೇಮ. ವಿಳಾಸ ನೋಡಿದೆಯಾ? ಪುಸ್ತಕ ಬೆಟ್ಟ ಹತ್ತಿತು, ಹೊಸ ಸರಪಳಿ ಬಿತ್ತು. ನಾನು ಒಳ್ಳೆಯವನಾಗಿದ್ದೇನೆ ಎಂದು ನಂಬಿ ಅದನ್ನು ಕೆಳಗಿಡಲು ನನಗೇ ಧೈರ್ಯವಿಲ್ಲ. ಸರಪಳಿಯ ಬೀಗದ ಕೈ ಬ್ರೇಕಮ್ಮನವರ ಹತ್ತಿರ ಇದೆ. ನಾನು ಕೇಳಿದರೂ ಕೊಡಬಾರದೆಂದು ಬರೆದುಕೊಟ್ಟಿದ್ದೇನೆ. ಚಕ್ರದ ಮನೆಯಲ್ಲಿ ಅವರು ನಿಲ್ಲಿಸಿದರೆ ನಿಂತಿತು, ಹೊರಡಿಸಲು ನನಗೂ ಹಕ್ಕಿಲ್ಲ.

ಬೆಳಗಿನ ಪ್ರಶ್ನೆಯನ್ನೂ ಬದಲಾಯಿಸಿದೆ. ‘ಇವತ್ತು ಏನು ಸರಿ ಇಲ್ಲ?’ ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಎರಡನೇ ದಿನ ಹೌದಪ್ಪ ಎದ್ದು, ಬೆವರುತ್ತ, “ಸಾರ್, ನಿಮ್ಮ ತಮಾಷೆಗಳು” ಅಂದರು. ಆ ಮನುಷ್ಯನಲ್ಲಿ ಸತ್ವ ಇದೆ ಅಕ್ಕ.

ಪರೀಕ್ಷೆಯ ಕಾಲ ಇನ್ನೊಂದು ವರ್ಷ ಬೆಳೆಸಿದ್ದಾರೆ. ಮೆಚ್ಚುಗೆಯ ಪತ್ರ ವಾಪಸು ಕೇಳಿದ್ದಾರೆ. ಚೌಕಟ್ಟು ಸಮೇತ ಕಳಿಸಿದೆ. ಕುರ್ಚಿ ಉಳಿದರೆ ಉಳಿಯಲಿ, ಹೋದರೆ ಗ್ರೀಸಿನ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತು.

ನಿನಗೆ ಎತ್ತರದ ಭಯ ಅಂತ ಗೊತ್ತಿರಲಿಲ್ಲ, ಅಪ್ಪನಾಣೆ. ಒಂದು ಸಲ ಬಾ. ಕಣ್ಣು ಮುಚ್ಚಿಕೊಂಡಾದರೂ ಹತ್ತು.

ಗುಂಡ


ಆಸ್ಪತ್ರೆಯ ವಸತಿ
೨೭ ಜನವರಿ

ಗುಂಡ,

ಮೊನ್ನೆ ಬೆಟ್ಟಕ್ಕೆ ಬಂದಾಗ ನಿನ್ನೆದುರು ಹೇಳಲು ಮುಖವಿರಲಿಲ್ಲ, ಊರಿಗೆ ಬಂದು ಬರೆಯುತ್ತಿದ್ದೇನೆ. ನೀನು ಬೆಳಗಿನ ಸಹಿ ಮಾಡಿ ಮೇಲೆ ಕಾಯುತ್ತಿದ್ದೆ. ನಾನು ಹತ್ತಿದ ತೊಟ್ಟಿಲು ಐದನೇ ಕಂಬ ದಾಟಿ, ಆರಕ್ಕೆ ಇನ್ನೂ ದೂರವಿರುವಾಗ, ನಟ್ಟ ನಡು ಆಕಾಶದಲ್ಲಿ ನಿಂತುಹೋಯಿತಲ್ಲ, ಹತ್ತೊಂಬತ್ತು ನಿಮಿಷ? ‘ಆರಾಮಾಗಿ ಕೂತಿದ್ದೆ’ ಅಂತ ನಿನಗೆ ಹೇಳಿದೆ. ಸುಳ್ಳು. ನಾಲ್ಕನೇ ನಿಮಿಷಕ್ಕೆ ಫೋನೆತ್ತಿ ಚಕ್ರದ ಮನೆಯ ಮೇಲೆ ಕೂಗಾಡಿದೆ. ಕಣ್ಣು ಮುಚ್ಚಿಯೇ ಕೂಗಾಡಿದೆ.

“ಯಾರ್ರೀ ನಿಲ್ಲಿಸಿದ್ದು?”

“ನಾನೇ. ಮೋಟಾರಿನ ಸದ್ದು ಯಾಕೋ ಸರಿ ಬರ್ಲಿಲ್ಲ. ನೋಡ್ತಾ ಇದೀನಿ.”

“ಮೊದಲು ಹೊರಡಿಸ್ರೀ! ನಾನು ಯಾರು ಗೊತ್ತಾ? ನಿಮ್ಮ ಮುಖ್ಯಸ್ಥರ ಅಕ್ಕ!”

ಹೌದು. ಅಂದೆ. ಹನ್ನೊಂದು ವರ್ಷದ ಪಾಠ, ನಿನಗೆ ಬರೆದ ಅಷ್ಟೂ ಉಪದೇಶ, ಎಲ್ಲ ಕೆಳಗಿನ ಬಂಡೆಗೆ ಬಿದ್ದು ಚೂರಾಯಿತು. ಆ ಕಡೆಯಿಂದ ಬ್ರೇಕಮ್ಮ ಒಂಚೂರೂ ಬಿಸಿಯಾಗದೆ ಅಂದರು:

“ಗೊತ್ತು ಅಕ್ಕೋರೇ. ಅದಕ್ಕೇ ಇನ್ನೊಂದ್ಸಲ ನೋಡಿಬಿಡ್ತೀನಿ. ಇನ್ನೂ ಹದಿನೈದು ನಿಮಿಷ ಆಗುತ್ತೆ.”

ಹದಿನೈದೇ ಆಯಿತು. ನಾನು ಕೈಚೀಲ ತಬ್ಬಿಕೊಂಡು ಕೂತೆ. ಏಳನೇ ಕಂಬದಲ್ಲಿ ಕಿವಿಗೊಟ್ಟೆ, ಯಾವ ಸದ್ದೂ ಇರಲಿಲ್ಲ. ಅಲ್ಲಿ ಒಂದೇ ಒಂದು ಸಲ ಕಣ್ಣು ತೆರೆದೆ. ಚೆನ್ನಾಗಿದೆ ನಿನ್ನ ಬೆಟ್ಟ.

ಅವರಿಗೆ ನನ್ನ ನಮಸ್ಕಾರ ಹೇಳು. ಈ ಕೆಳಗಿನದನ್ನು ಅವರಿಗೇ ಮೊದಲು ಓದಿ ತೋರಿಸು. ಸರಿ ಇಲ್ಲ ಅಂದರೆ ತಿದ್ದುತ್ತೇನೆ:

ಏರಿದವರ ತಲೆ ತಿರುಗದಿರಲು ಇರಬೇಕು ಒಬ್ಬಳು,
‘ನಿಲ್ಲಿ’ ಎಂದು ಬ್ರೇಕನೆಳೆದು ಬೈಗುಳಕ್ಕಂಜದವಳು.

ಅಕ್ಕ